ಮಾಯಗೊಡದ ಪಟ್ಟಿ

ಗಾಯಕ್ಕೆ ಕಟ್ಟಿದ ಪಟ್ಟಿಯೇ ಗಾಯವನ್ನು ಓದಿ, ಅದಕ್ಕೊಂದು ಕೋಡ್ ಕೊಟ್ಟು, ವಿಮೆಯವರಿಗೆ ತಾನೇ ಬಿಲ್ಲು ಕಳಿಸುವಂತಾದರೆ?

ಈ ಪ್ರಶ್ನೆಯನ್ನು ಮೊದಲು ಕೇಳಿದವರ ಮನಸ್ಸಿನಲ್ಲಿ ಕೆಡುಕೇನೂ ಇರಲಿಲ್ಲ. ಆಗ ಸುಳ್ಳು ಬಿಲ್ಲುಗಳ ಹಾವಳಿ ವಿಪರೀತವಾಗಿತ್ತು. ಸಾದಾ ಗಾಜ್ ಬಟ್ಟೆ ಸುತ್ತಿ, ಬೆಳ್ಳಿಯ ಅಂಶವಿರುವ ದುಬಾರಿ ಡ್ರೆಸ್ಸಿಂಗಿನ ಹೆಸರಿನಲ್ಲಿ ಬಿಲ್ಲು ಮಾಡುವ ನರ್ಸಿಂಗ್ ಹೋಮುಗಳಿದ್ದವು. ಸತ್ತವರ ಕಾಲಿಗೆ ವಾರವಾರವೂ ಪಟ್ಟಿ ಬದಲಿಸಿದ್ದಾಗಿ ತೋರಿಸಿದವರೂ ಇದ್ದರು. ಹಾಗಾಗಿ ‘ನಿರ್ವ್ರಣ’ ಎಂಬ ಕಂಪನಿ ತನ್ನ ಹೊಸ ಪಟ್ಟಿಯನ್ನು ತಂದಾಗ ಸರಕಾರವೂ ವಿಮೆಯವರೂ ಅದನ್ನು ಎರಡೂ ಕೈಯಿಂದ ಸ್ವಾಗತಿಸಿದರು. ಪಟ್ಟಿಗೆ ಸುಳ್ಳು ಹೇಳಲು ಬರುವುದಿಲ್ಲ ಎಂಬುದು ಅವರ ನಂಬಿಕೆಯಾಗಿತ್ತು.

ನೋಡಲು ಅದು ಕೆನೆಯ ಬಣ್ಣದ, ಅಂಗೈಯಗಲದ ಮೆತ್ತನೆಯ ಹಾಳೆ. ಗಾಯದ ತೇವ, ಬಿಸಿ, ಹುಳಿಯ ಅಂಶ, ಮಾಂಸವನ್ನು ಕರಗಿಸುವ ಕಿಣ್ವಗಳ ಪ್ರಮಾಣ, ಇಷ್ಟನ್ನೂ ಅದರೊಳಗಿನ ಸೂಕ್ಷ್ಮ ತಂತುಗಳು ಅಳೆಯುತ್ತಿದ್ದವು. ಹಾಳೆಯ ಒಡಲಲ್ಲಿದ್ದ ಪುಟ್ಟ ಪುಟ್ಟ ಕೋಶಗಳಲ್ಲಿ ಚರ್ಮವನ್ನು ಬೆಳೆಸುವ ಪ್ರೋಟೀನು ಮತ್ತು ಸೋಂಕು ತಡೆಯುವ ಬೆಳ್ಳಿ ಇರುತ್ತಿದ್ದವು. ಎಷ್ಟು ಔಷಧ ಬಿಡಬೇಕೆಂದು ಕಂಪನಿಯ ಗಣಕ ದೂರದಿಂದಲೇ ಹೇಳುತ್ತಿತ್ತು. ಹೀಗೆ ಓದಿದ ಗಾಯಕ್ಕೆ ಒಂದರಿಂದ ಐದರವರೆಗೆ ಕೋಡ್. ಒಂದು ಎಂದರೆ ವಾಸಿಯಾದದ್ದು. ಎರಡು, ಮೂರು ಎಂದರೆ ಮಾಯುತ್ತಿರುವುದು. ಅದಕ್ಕೆ ಸಾದಾ ಬಟ್ಟೆ ಸಾಕೆಂದು ವಿಮೆಯವರು ಕೈ ಬಿಗಿ ಹಿಡಿಯುತ್ತಿದ್ದರು. ನಾಲ್ಕು ಎಂದರೆ ತೆರೆದ, ಹಸಿಯಾದ, ಆದರೆ ಸೋಂಕಿಲ್ಲದ ಗಾಯ. ದುಬಾರಿ ಪಟ್ಟಿಗೆ ಪೂರ್ತಿ ಹಣ ಸಿಗುತ್ತಿದ್ದದ್ದು ಇದೊಂದಕ್ಕೇ. ಐದು ಎಂದರೆ ಕೀವು. ಆಗ ಆಸ್ಪತ್ರೆಯ ಖರ್ಚಿನ ಒಂದು ಪಾಲು ಪಟ್ಟಿ ಕೊಟ್ಟ ಕಂಪನಿಯ ತಲೆಗೇ ಬರುತ್ತಿತ್ತು.

ಇಂದುಮತಿ ಅಂಗಡಿ ಕೆಲಸ ಮಾಡುತ್ತಿದ್ದದ್ದು ಈ ಕಂಪನಿಯ ಹುಬ್ಬಳ್ಳಿ ನಿಯಂತ್ರಣ ಕೊಠಡಿಯಲ್ಲಿ. ಗೋಡೆಯಗಲದ ಪರದೆಯ ಮೇಲೆ ಬೀದರಿನಿಂದ ಕಾರವಾರದವರೆಗಿನ ಗಾಯಗಳು ಬಣ್ಣದ ಚುಕ್ಕೆಗಳಾಗಿ ಮಿನುಗುತ್ತಿದ್ದವು. ಗಣಕಕ್ಕೆ ಕೋಡ್ ಖಚಿತವಾಗದೆ ಹೋದಾಗ ಪಟ್ಟಿ ಒಳಗಿನಿಂದಲೇ ತೆಗೆದ ಚಿತ್ರ ಅವಳ ಮೇಜಿಗೆ ಬರುತ್ತಿತ್ತು. ಸುಟ್ಟ ತೊಡೆ, ಕಪ್ಪಾದ ಬೆರಳು, ಮಲಗಿದಲ್ಲೇ ಮಲಗಿ ಸೊಂಟದ ಕೆಳಗೆ ಬಾಯಿ ಬಿಟ್ಟ ಹುಣ್ಣು. ಅವಳು ನೋಡಿ, ಅಂಕಿ ಒತ್ತಿ, ಮುಂದಿನದಕ್ಕೆ ಹೋಗಬೇಕು. ಸೇರಿದ ಹೊಸತರಲ್ಲಿ ಊಟದ ಡಬ್ಬಿ ತೆರೆಯಲು ಆಗುತ್ತಿರಲಿಲ್ಲ. ಆಮೇಲೆ ಎಡಗೈಯಲ್ಲಿ ಅಂಕಿ ಒತ್ತುತ್ತ ಬಲಗೈಯಲ್ಲಿ ರೊಟ್ಟಿ ಮುರಿಯುವುದು ರೂಢಿಯಾಯಿತು. ಆ ರೂಢಿಯೇ ಒಮ್ಮೊಮ್ಮೆ ಅವಳಿಗೆ ಹೇಸಿಗೆ ತರಿಸುತ್ತಿತ್ತು.

ಆ ರೊಟ್ಟಿ ಬಡಿಯುತ್ತಿದ್ದವಳು ಅವಳ ಸೋದರತ್ತೆ ದಾಕ್ಷಾಯಣವ್ವ. ಹಳೇ ಹುಬ್ಬಳ್ಳಿಯಲ್ಲಿ ಆಕೆಯದೊಂದು ಖಾನಾವಳಿ. ಇಂದುಮತಿಯ ತಂದೆ ತೀರಿಕೊಂಡ ಮೇಲೆ ಅವಳನ್ನು ಓದಿಸಿದ್ದು ಆ ಖಾನಾವಳಿಯ ಒಲೆ. ಈಗಲೂ ಇಬ್ಬರೂ ಅದರ ಮೇಲಿನ ಎರಡು ಕೋಣೆಗಳಲ್ಲೇ ಇದ್ದರು. ಅತ್ತೆಗೆ ಸಕ್ಕರೆ ಕಾಯಿಲೆ. ಒಂದು ದಿನ ಒಲೆಯ ಮುಂದೆ ಬಿದ್ದಿದ್ದ ಕೆಂಡವನ್ನು ಬರಿಗಾಲಲ್ಲಿ ತುಳಿದಳು. ಕಾಲಿಗೆ ಸ್ಪರ್ಶವೇ ಇಲ್ಲದ್ದರಿಂದ ಗೊತ್ತಾಗಲಿಲ್ಲ. ಸಂಜೆ ಯಾರೋ ನೆಲದ ಮೇಲಿನ ಕಲೆ ತೋರಿಸಿದಾಗಲೇ ಹಿಮ್ಮಡಿಯನ್ನು ತಿರುಗಿಸಿ ನೋಡಿಕೊಂಡದ್ದು. ಇಂದುಮತಿ ತಾನೇ ಮುಂದೆ ನಿಂತು ಆಕೆಗೆ ನಿರ್ವ್ರಣದ ಪಟ್ಟಿ ಹಾಕಿಸಿದಳು. ಅತ್ತೆಯ ಹಿಮ್ಮಡಿಯೂ ಪರದೆಯ ಮೇಲೊಂದು ಕಿತ್ತಳೆ ಚುಕ್ಕೆಯಾಯಿತು. ಕೋಡ್ ನಾಲ್ಕು.

ಬೇಸಿಗೆ ಮುಗಿಯಿತು, ಮಳೆಗಾಲ ಬಂತು. ಚುಕ್ಕೆಯ ಬಣ್ಣ ಬದಲಾಗಲಿಲ್ಲ. ಗಾಯ ಕೀವಾಗಲಿಲ್ಲ, ದೊಡ್ಡದಾಗಲಿಲ್ಲ, ಸಣ್ಣದೂ ಆಗಲಿಲ್ಲ. ಸುಮ್ಮನೆ ಜಿನುಗುತ್ತಿತ್ತು. ಅದಕ್ಕೊಂದು ವಾಸನೆ ಇತ್ತು. ಕೊಳೆತ ವಾಸನೆಯಲ್ಲ, ನೆನೆಹಾಕಿ ಮರೆತ ಬಟ್ಟೆಯದಂಥದು, ಅದರ ಮೇಲೆ ಒಂದಿಷ್ಟು ಸಿಹಿ. ಊಟಕ್ಕೆ ಕುಳಿತವರು ಮೊದಲು ಪಲ್ಯವನ್ನು ಮೂಸಿ ನೋಡಿದರು, ಆಮೇಲೆ ನೀರಿನ ಲೋಟವನ್ನು. ಕೊನೆಗೆ ಅದು ಎಲ್ಲಿಂದ ಬರುತ್ತಿದೆ ಎಂದು ಗೊತ್ತಾದಾಗ ಯಾರೂ ಏನೂ ಅನ್ನಲಿಲ್ಲ, ಬರುವುದನ್ನು ಬಿಟ್ಟರು. ದಾಕ್ಷಾಯಣವ್ವ ಬಡಿಸುವುದನ್ನು ಬಿಟ್ಟು ಒಳಗೇ ಕೂಡತೊಡಗಿದಳು. ಜೋರಾಗಿ ಮಾತಾಡಿ, ಬೈದು, ಎರಡನೇ ಸಲ ಅನ್ನ ಹಾಕಿಯೇ ತೀರುತ್ತಿದ್ದ ಹೆಂಗಸು ತನ್ನ ಮನೆಯಲ್ಲೇ ಮುಖ ಮರೆಸಿಕೊಂಡಳು. ಅಂಗಳದಲ್ಲಿ ಯಾರದೋ ಕೆಮ್ಮು ಕೇಳಿದರೂ ಸೆರಗನ್ನು ಕಾಲಿನ ಮೇಲೆ ಎಳೆದುಕೊಳ್ಳುತ್ತಿದ್ದಳು.

ಆಗ ಓಣಿಯಲ್ಲಿ ಚರಂಡಿ ಅಗೆಯುವವರು ಮೊಬೈಲ್ ಟವರಿನ ತಂತಿಯನ್ನೇ ಕಡಿದುಹಾಕಿದರು. ರಸ್ತೆಯವರೂ ಟವರಿನವರೂ ಒಬ್ಬರ ಮೇಲೊಬ್ಬರು ಹಾಕುತ್ತ ಕುಳಿತರು. ದಸರೆಯ ರಜೆ ಮುಗಿಯುವವರೆಗೂ ಆ ಓಣಿಗೆ ನೆಟ್‌ವರ್ಕ್ ಇರಲಿಲ್ಲ. ಪರದೆಯ ಮೇಲೆ ಅಲ್ಲಿನ ಚುಕ್ಕೆಗಳೆಲ್ಲ ಬೂದು ಬಣ್ಣಕ್ಕೆ ತಿರುಗಿದವು. ಸಂಪರ್ಕ ತಪ್ಪಿದ್ದು ರೋಗಿಯ ತಪ್ಪಲ್ಲವೆಂದು ಪಟ್ಟಿಗಳ ಪೂರೈಕೆ ಮಾತ್ರ ನಿಲ್ಲಲಿಲ್ಲ.

ಆ ದಿನಗಳಲ್ಲೇ ಒಂದು ಮುಂಜಾನೆ ಪಟ್ಟಿ ಬದಲಿಸುವಾಗ ಇಂದುಮತಿ ಕೈ ತಡೆದು ನೋಡಿದಳು. ಗಾಯದ ಅಂಚಿನಲ್ಲಿ ಹೊಸ ಚರ್ಮ ಬಂದಿತ್ತು. ತಿಳಿ ಗುಲಾಬಿ ಬಣ್ಣದ್ದು, ಈರುಳ್ಳಿಯ ಒಳಪೊರೆಯಷ್ಟು ತೆಳ್ಳಗಿನದು. ನಡುವಿನ ಗುಂಡಿಯೂ ತುಂಬಿಕೊಳ್ಳುತ್ತಿತ್ತು. ವಾಸನೆ ಇರಲಿಲ್ಲ. ಅತ್ತೆ ಅವತ್ತು ಬಹಳ ದಿನಗಳ ಮೇಲೆ ಹೊರಗೆ ಬಂದು ತಾನೇ ಬಡಿಸಿದಳು.

ತಂತಿ ಸರಿಯಾಯಿತು. ಚುಕ್ಕೆ ಮತ್ತೆ ಕಿತ್ತಳೆಯಾಯಿತು. ಮುಂದಿನ ಸಲ ಪಟ್ಟಿ ಬಿಚ್ಚಿದಾಗ ಆ ಗುಲಾಬಿ ಪೊರೆ ಬೆಳ್ಳಗಾಗಿ, ಒದ್ದೆ ಕಾಗದದಂತೆ ಪಟ್ಟಿಗೇ ಅಂಟಿಕೊಂಡು ಎದ್ದು ಬಂತು. ಕೆಳಗೆ ಮೊದಲಿನದೇ ಹಸಿ ಮಾಂಸ.

ಇಂದುಮತಿ ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಗಾಯಗಳನ್ನು ಅಷ್ಟು ವರ್ಷ ನೋಡಿದವಳಿಗೆ ಇದು ತಾನಾಗಿ ಹಾಳಾದ ಚರ್ಮವಲ್ಲವೆನ್ನಿಸಿತು. ಮಾರನೆಯ ದಿನ ರಜೆ ಹಾಕಿ ಧಾರವಾಡಕ್ಕೆ ಹೋದಳು.

ಧಾರವಾಡದಲ್ಲಿ ಕಂಪನಿಯ ಪ್ರಯೋಗಾಲಯವಿತ್ತು. ಅಲ್ಲಿ ಡಾಕ್ಟರ್ ಪ್ರಫುಲ್ಲಾ ಗಲಗಲಿ ಎಂಬ ವಿಜ್ಞಾನಿ ಇದ್ದರು. ಪಟ್ಟಿಯಲ್ಲಿನ ಪ್ರೋಟೀನು ಅವರದೇ ಸಂಶೋಧನೆ. ಒಣಕಲು ದೇಹದ, ಕಡಿಮೆ ಮಾತಿನ ಹೆಂಗಸು. ಇಂದುಮತಿ ಹೇಳಿದ್ದನ್ನೆಲ್ಲ ಕೇಳಿ, ನೆಟ್‌ವರ್ಕ್ ಇಲ್ಲದಾಗ ಪಟ್ಟಿ ಏನು ಮಾಡುತ್ತದೆಂದು ತಾವೇ ವಿವರಿಸಿದರು. ಹೊರಗಿನ ಆದೇಶ ಬಾರದಿದ್ದರೆ ಅದು ತಾವು ಮೊದಲು ಬರೆದ ಚಿಕ್ಕ ಕ್ರಮಕ್ಕೆ ಮರಳುತ್ತದೆ. ಗಾಯ ಕೇಳಿದಷ್ಟು ಔಷಧ ಬಿಡು ಎಂಬುದಷ್ಟೇ ಆ ಕ್ರಮ. ಆದೇಶ ಬರುತ್ತಿರುವಾಗ ಎಷ್ಟು ಬಿಡಬೇಕೆಂದು ನಿರ್ಧರಿಸುವುದು ಕ್ಲೇಮುಗಳನ್ನು ನೋಡಿಕೊಳ್ಳುವ ಗಣಕ. ಇಷ್ಟು ಹೇಳಿ ಅವರು ಕನ್ನಡಕ ತೆಗೆದು ಒರೆಸಿಕೊಂಡರು.

“ನೋಡೇ ಬಿಡೂಣ್ರಿ,” ಎಂದರು ಕೊನೆಗೆ.

ಪ್ರಯೋಗಾಲಯದಲ್ಲಿ ಗಾಜಿನ ತಟ್ಟೆಗಳಲ್ಲಿ ಮನುಷ್ಯನ ಚರ್ಮವನ್ನು ಬೆಳೆಸುತ್ತಿದ್ದರು. ಅಂಥ ಎರಡು ತುಂಡುಗಳ ಮೇಲೆ ಪ್ರಫುಲ್ಲಾ ಒಂದೇ ಅಳತೆಯ ಗಾಯ ಮಾಡಿದರು. ಎರಡಕ್ಕೂ ಪಟ್ಟಿ ಹಾಕಿದರು. ಒಂದು ತಟ್ಟೆಯನ್ನು, ಇಲ್ಲದ ರೋಗಿಯ ಹೆಸರಿನಲ್ಲಿ ನೋಂದಾಯಿಸಿ, ಕಿಟಕಿಯ ಹತ್ತಿರ ಇಟ್ಟರು. ಇನ್ನೊಂದನ್ನು ಯಾವ ತರಂಗವೂ ಒಳಗೆ ಹೋಗದಂಥ ಲೋಹದ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದರು. ಎರಡಕ್ಕೂ ಒಂದೇ ಶಾಖ, ಒಂದೇ ಪೋಷಕ ದ್ರವ.

ಇಂದುಮತಿ ಮತ್ತೆ ಹೋದಾಗ ಪ್ರಫುಲ್ಲಾ ಎರಡು ತಟ್ಟೆಗಳನ್ನೂ ದೀಪದ ಕೆಳಗೆ ಇಟ್ಟುಕೊಂಡು ಕುಳಿತಿದ್ದರು. ಪೆಟ್ಟಿಗೆಯೊಳಗಿನ ಚರ್ಮ ಕೂಡಿಕೊಂಡಿತ್ತು. ಗಾಯ ಎಲ್ಲಿತ್ತೆಂದು ಹುಡುಕಬೇಕಿತ್ತು. ಕಿಟಕಿಯ ಹತ್ತಿರದ್ದು ಮೊದಲ ದಿನದ ಹಾಗೇ ಬಾಯಿ ತೆರೆದು, ನುಣ್ಣಗೆ ಹೊಳೆಯುತ್ತಿತ್ತು. ದಾಖಲೆ ತೆಗೆದು ನೋಡಿದರೆ, ಅದರ ಪಟ್ಟಿ, ಅಂಚಿನಲ್ಲಿ ಚರ್ಮ ಕೂಡುವ ಸೂಚನೆ ಕಂಡಾಗಲೆಲ್ಲ ಪ್ರೋಟೀನನ್ನು ನಿಲ್ಲಿಸಿ, ಬೆಳ್ಳಿಯನ್ನು ಹೆಚ್ಚಿಗೆ ಬಿಟ್ಟಿತ್ತು. ಅತಿಯಾದ ಬೆಳ್ಳಿ ಎಳೆಯ ಚರ್ಮವನ್ನು ಸುಡುತ್ತದೆ. ಸೋಂಕಿನ ಹತ್ತಿರವೂ ಹೋಗಗೊಡದೆ, ವಾಸಿಯಾಗಲೂ ಬಿಡದೆ, ಅದನ್ನು ನಾಲ್ಕರಲ್ಲೇ ನಿಲ್ಲಿಸಿತ್ತು. ಮನುಷ್ಯನೇ ಇಲ್ಲದ ಆ ತುಂಡು ಚರ್ಮಕ್ಕೆ ವಿಮೆಯವರು ತಪ್ಪದೆ ಹಣವನ್ನೂ ಕೊಟ್ಟಿದ್ದರು.

ಪ್ರಫುಲ್ಲಾ ಕೈಗವಸು ತೆಗೆದು, ಸೋಪು ಹಚ್ಚಿ ಕೈ ತೊಳೆದರು. ಒರೆಸಿಕೊಂಡು, ಮತ್ತೆ ತೊಳೆದರು.

“ಇದನ್ನ ಮಾಡ್ಲಿಕ್ಕೆ ನನ್ನ ಅರ್ಧ ಆಯುಷ್ಯ ಹೋತ್ರಿ,” ಎಂದರು. “ಈಗ ನನ್ನ ಕೈ ನೋಡಿದರ ನನಗ ಅಸಹ್ಯ ಬರ್ಲಿಕತ್ತದ.”

ಹುಬ್ಬಳ್ಳಿ ಕಚೇರಿಯ ಮುಖ್ಯಸ್ಥ ಮಿರಜಕರ್ ಎಂಬಾತ. ಯಾರ ಮೇಲೂ ದನಿ ಏರಿಸದವನು, ಎಲ್ಲರ ಮನೆಯ ಕಷ್ಟಸುಖ ವಿಚಾರಿಸುವವನು. ಇಬ್ಬರೂ ಅವನ ಮುಂದೆ ಹೋಗಿ ತಟ್ಟೆಗಳ ಚಿತ್ರಗಳನ್ನು ಇಟ್ಟರು. ಅವನು ಹಸಿ ಗಾಯದ ಚಿತ್ರವನ್ನು ಕೈಯಿಂದ ಮುಟ್ಟಲಿಲ್ಲ. ಪೆನ್ನಿನ ತುದಿಯಿಂದ ಮಗುಚಿ ಹಾಕಿದ. ಆಮೇಲೆ ಅವರ ಮಾತನ್ನೆಲ್ಲ ತಾಳ್ಮೆಯಿಂದ ಕೇಳಿದ. ಬೆಚ್ಚಿಬೀಳಲಿಲ್ಲ, ಅಲ್ಲಗಳೆಯಲೂ ಇಲ್ಲ.

“ಹಂಗ ಮಾಡು ಅಂತ ಅದಕ್ಕ ಯಾರೂ ಹೇಳಿಲ್ಲ ಮೇಡಂ,” ಎಂದ. “ಕ್ಲೇಮ್ ವಾಪಸ್ ಬರಬಾರದು, ಸೋಂಕು ಆಗಬಾರದು, ಪೇಷಂಟ್ ಕೈ ತಪ್ಪಬಾರದು, ಇಷ್ಟ ಹೇಳಿದ್ದು. ಉಳಿದದ್ದು ಅದು ತಾನ ಕಲಿತದ.”

ಹಾಗಾದರೆ ಈಗ ಗೊತ್ತಾಯಿತಲ್ಲ, ಇವತ್ತೇ ನಿಲ್ಲಿಸಬಹುದಲ್ಲ ಎಂದಳು ಇಂದುಮತಿ. ಅವನು, ಈ ವಿಷಯ ಇನ್ನು ಯಾರಿಗೆ ಗೊತ್ತಿದೆ ಎಂದು ಕೇಳಿದ. ಚಹಾ ತರಿಸಿದ. ಅತ್ತೆಯ ಆರೋಗ್ಯ ಹೇಗಿದೆ ಎಂದ. ಆ ಪ್ರಶ್ನೆಯನ್ನು ಅವನು ನಿಜವಾದ ಕಾಳಜಿಯಿಂದಲೇ ಕೇಳಿದ್ದ. ಅದೇ ಅವಳಿಗೆ ಎಲ್ಲಕ್ಕಿಂತ ಓಕರಿಕೆ ತಂದದ್ದು.

ಆ ವಾರವೇ ಇಬ್ಬರೂ ರಾಜ್ಯದ ಆರೋಗ್ಯ ವಿಮಾ ಪ್ರಾಧಿಕಾರಕ್ಕೆ ದೂರು ಕೊಟ್ಟರು. ದೂರು ಇತ್ಯರ್ಥವಾಗುವ ತನಕ ಕೆಲಸ ಬಿಡಬೇಡಿ, ಬಿಟ್ಟರೆ ಸಿಟ್ಟಿಗೆ ಹೇಳಿದಿರಿ ಅನ್ನುತ್ತಾರೆ ಎಂದು ವಕೀಲರು ಹೇಳಿದ್ದರಿಂದ ಇಂದುಮತಿ ದಿನವೂ ಅದೇ ಪರದೆಯ ಮುಂದೆ ಹೋಗಿ ಕೂಡಬೇಕಾಯಿತು.

ಅತ್ತೆಗೆ ಅವಳು ಎಲ್ಲವನ್ನೂ ಹೇಳಿದಳು. ಹೇಳುವುದು ಸುಲಭವಾಗಿರಲಿಲ್ಲ, ಆ ಪಟ್ಟಿಯನ್ನು ಕಾಲಿಗೆ ಹಾಕಿಸಿದವಳು ಅವಳೇ ತಾನೇ. ನಾವಾಗಿ ಸಂಪರ್ಕ ಕಡಿದರೆ ಗಾಯ ಮಾಯುತ್ತದೆ, ಆದರೆ ಹೊಸ ಪಟ್ಟಿ ಬರುವುದು ನಿಲ್ಲುತ್ತದೆ, ಇರುವುದರಲ್ಲೇ ಸಾಗಿಸಬೇಕು, ನಡುವೆ ಕೀವಾದರೆ ವಿಮೆಯೂ ಇರುವುದಿಲ್ಲ ಎಂದಳು. ದಾಕ್ಷಾಯಣವ್ವ ಕಾಲು ನೀಡಿಕೊಂಡು ಕುಳಿತು ಕೇಳಿದಳು.

“ಅಂದ್ರ ನಾ ಹಿಂಡೂ ಎಮ್ಮಿ ಆದ್ನೇನ ಅವರಿಗೆ?”

ಇಂದುಮತಿ ಅತ್ತೆಯ ಪಾದವನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು.

“ಮುಂಜಾನಿ ಒಮ್ಮೆ, ಸಂಜಿಕ ಒಮ್ಮೆ ಹಿಂಡ್ಕೊಂಡ್ರು. ಕರಾ ಸತ್ತರೂ ಬಿಡಲಿಲ್ಲ.” ಅತ್ತೆ ಅಡುಗೆಮನೆಯ ಕಡೆ ಕೈ ಮಾಡಿದಳು. “ಪಾರ್ಸಲ್ ಕಟ್ಟೂ ಹಾಳಿ ಐತಲ್ಲ, ಬೆಳ್ಳಿದು, ತಗೊಂಬಾ.”

ರೊಟ್ಟಿ ಸುತ್ತಿಕೊಡುವ ಅಲ್ಯುಮಿನಿಯಂ ಹಾಳೆಯನ್ನು ಇಂದುಮತಿ ಪದರ ಪದರವಾಗಿ ಅತ್ತೆಯ ಪಾದಕ್ಕೆ ಸುತ್ತಿದಳು. ಕಂಪನಿಯ ಪರದೆಯ ಮೇಲೆ ಒಂದು ಚುಕ್ಕೆ ಬೂದಾಯಿತು. ಕಂಪನಿಯ ಹೆಣ್ಣುದನಿಯ ಫೋನು ದಿನಕ್ಕೆರಡು ಸಲ ಬಂದು, ನಿಮ್ಮ ಪಟ್ಟಿ ಮಾತಾಡುತ್ತಿಲ್ಲ ಎಂದು ನಯವಾಗಿ ಎಚ್ಚರಿಸಿತು. ಅತ್ತೆ ಆ ಯಂತ್ರದ ದನಿಗೆ ಖಾನಾವಳಿಯ ಭಾಷೆಯಲ್ಲಿ ಉತ್ತರ ಕೊಟ್ಟಳು. ಮನೆಯಲ್ಲಿದ್ದ ಪಟ್ಟಿಗಳು ಮುಗಿಯುವ ಹೊತ್ತಿಗೆ ಗಾಯ ಬೇಳೆಕಾಳಿನಷ್ಟಾಗಿತ್ತು. ಮುಂದಕ್ಕೆ ಮೆಡಿಕಲ್ ಶಾಪಿನ ಮುಲಾಮು, ಗಾಜ್ ಬಟ್ಟೆ ಮತ್ತು ಸರಕಾರಿ ಆಸ್ಪತ್ರೆಯ ನರ್ಸಮ್ಮನ ಕೈ ಸಾಕಾದವು. ಹಿಮ್ಮಡಿ ಕೂಡಿಕೊಂಡಿತು. ಅತ್ತೆ ಗಿರಾಕಿಗಳ ಮನೆಮನೆಗೆ ಹೋಗಿ, ಬಂದು ಉಣ್ಣಿರೆಂದು ಕರೆದಳು. ಅರ್ಧ ಜನ ಬಂದರು. ಉಳಿದವರು ಬೇರೆ ಕಡೆ ರೂಢಿ ಮಾಡಿಕೊಂಡಿದ್ದರು.

ಪ್ರಾಧಿಕಾರದ ವಿಚಾರಣೆ ಮಳೆಗಾಲದಿಂದ ಮಳೆಗಾಲಕ್ಕೆ ಎಳೆಯಿತು. ತೀರ್ಪು ಬಂದ ದಿನ ಪ್ರಫುಲ್ಲಾ ಫೋನು ಮಾಡಿ ಅದನ್ನು ಓದಿ ಹೇಳಿದರು. ರೋಗಿಗೆ ತಿಳಿಸದೆ, ಅವನ ಒಪ್ಪಿಗೆಯಿಲ್ಲದೆ, ಗಾಯವನ್ನು ಒಂದೇ ಸ್ಥಿತಿಯಲ್ಲಿ ಹಿಡಿದಿಡುವುದು ತಪ್ಪು ಎಂದಿತ್ತು ಅದರಲ್ಲಿ. ಇಬ್ಬರೂ ಗೆದ್ದೆವೆಂದುಕೊಂಡರು. ಇಂದುಮತಿ ಅವತ್ತು ಪೇಡೆ ಕೊಂಡು ಮನೆಗೆ ಹೋದಳು.

ಕಂಪನಿ ಆ ವಾಕ್ಯವನ್ನು ಬೇರೆ ರೀತಿಯಲ್ಲಿ ಓದಿತು. ತಿಳಿಸಿದರೆ, ಒಪ್ಪಿಗೆ ಪಡೆದರೆ, ತಪ್ಪಲ್ಲ. ಸ್ವಲ್ಪ ದಿನಗಳಲ್ಲೇ ಕೋಡ್ ನಾಲ್ಕರ ಗಾಯಗಳಿಗೆಂದು ಹೊಸದೊಂದು ಯೋಜನೆ ಜಾರಿಗೆ ಬಂತು. ಅದರ ಹೆಸರು ‘ಸ್ಥಿರ ಗಾಯ’. ಮಾಯಿಸಲು ಹೋಗಿ ಸೋಂಕಾಗುವ ಅಪಾಯ ಹೊರುವುದಕ್ಕಿಂತ, ಗಾಯವನ್ನು ಸುರಕ್ಷಿತವಾಗಿ ತೆರೆದಿಡುವುದೂ ಒಂದು ಚಿಕಿತ್ಸೆಯೇ ಎಂದು ಕಂಪನಿಯ ತಜ್ಞರು ಬರೆದುಕೊಟ್ಟರು. ಆಸ್ಪತ್ರೆ ಖರ್ಚು ಉಳಿಯುತ್ತದೆಂದು ವಿಮೆಯವರೂ ತಲೆದೂಗಿದರು. ಒಪ್ಪಿಗೆ ಕೊಟ್ಟ ರೋಗಿಗೆ ತಿಂಗಳಿಗಿಷ್ಟೆಂದು ‘ಸಹಕಾರ ಭತ್ಯೆ’. ಬಡವನ ಮನೆಯ ಒಲೆ ಉರಿಯುವಷ್ಟು.

ಜನ ಸಿಟ್ಟಾಗುತ್ತಾರೆ ಎಂದುಕೊಂಡಿದ್ದಳು ಇಂದುಮತಿ. ಜನ ಸರದಿ ನಿಂತರು.

ಖಾನಾವಳಿಯ ಹಿಂದಿನ ಓಣಿಯಲ್ಲಿ ಮಹಾಬಳೇಶ ಬಡಿಗೇರ ಎಂಬುವನಿದ್ದ. ಬಾಗಿಲು, ಕಿಟಕಿ, ಮಂಚ ಮಾಡುವವನು. ಮೊಣಕಾಲಿನ ಕೆಳಗೆ ಹುಣ್ಣಾಗಿ ನಿಂತು ಕೆಲಸ ಮಾಡಲು ಆಗದೆ ಕಂಗಾಲಾಗಿದ್ದ. ಅವನೂ ಒಪ್ಪಿಗೆ ಕೊಟ್ಟ. ಇಂದುಮತಿ ಅವನ ಮನೆಗೆ ಹೋಗಿ, ಅತ್ತೆಯ ಕಾಲಿನ ಕಥೆ ಹೇಳಿ, ಪಟ್ಟಿ ತೆಗೆದರೆ ಮಾಯುತ್ತದೆಂದು ತಿಳಿಹೇಳಿದಳು. ಅವನು ಸಮಾಧಾನದಿಂದ ಕೇಳಿಸಿಕೊಂಡ. ಮಾಯ್ದರೆ ಮತ್ತೆ ಕೆಲಸ ಹುಡುಕಬೇಕು, ಈಗೆಲ್ಲ ಬಾಗಿಲು ಕಾರ್ಖಾನೆಯಿಂದಲೇ ತಯಾರಾಗಿ ಬರುತ್ತವೆ, ತನ್ನನ್ನು ಕರೆಯುವವರು ಯಾರು ಎಂದ. ಅವನ ಹೆಂಡತಿ ಕಮಲವ್ವ ಬಾಗಿಲಿಗೆ ಒರಗಿ ನಿಂತು ಗಂಡನ ಮುಖವನ್ನೂ, ಅವನ ಕಾಲಿನ ಪಟ್ಟಿಯನ್ನೂ ನೋಡುತ್ತಿದ್ದಳು.

ಓಣಿಯಲ್ಲಿ ಹೊಸ ಮಾತುಗಳು ಹುಟ್ಟಿಕೊಂಡವು. ಯಾರ ಮನೆಯಲ್ಲಿ ‘ಸ್ಥಿರ’ ಇದೆ, ಯಾರದು ಕೆಟ್ಟು ಐದಕ್ಕೆ ಹೋಯಿತು, ಯಾರದು ಪಾಪ ಮಾಯ್ದುಬಿಟ್ಟಿತು. ಗಾಯ ಮಾಯ್ದವರ ಮನೆಗೆ ಹೋಗಿ ಜನ ಸಮಾಧಾನ ಹೇಳಿ ಬರುತ್ತಿದ್ದರು. ಆ ಸಿಹಿ ವಾಸನೆ ಈಗ ಕಿರಾಣಿ ಅಂಗಡಿಯಲ್ಲಿ, ಬಸ್ಸಿನಲ್ಲಿ, ಮದುವೆಯ ಪಂಕ್ತಿಯಲ್ಲಿ ಇರುತ್ತಿತ್ತು. ಯಾರೂ ಎಲೆ ಬಿಟ್ಟು ಏಳುತ್ತಿರಲಿಲ್ಲ. ಇಂದುಮತಿಗೆ ಮಾತ್ರ ಅದು ಮೈಗೆ ಅಂಟಿದಂತಾಗಿ, ಮನೆಗೆ ಬಂದವಳೇ ಸ್ನಾನಕ್ಕೆ ಹೋಗುತ್ತಿದ್ದಳು.

ಪ್ರಫುಲ್ಲಾ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಮೇಲಿನ ನ್ಯಾಯಾಲಯಕ್ಕೆ ಹೋಗುವ ತಯಾರಿಯಲ್ಲಿದ್ದರು. ಇಂದುಮತಿಯನ್ನು ಕಂಪನಿ ತೆಗೆದುಹಾಕಲಿಲ್ಲ. ಹೊಸದಾಗಿ ಸೇರುವ ರೋಗಿಗಳ ಮೊದಲ ಕೋಡನ್ನು ನೋಡುವ ಮೇಜಿಗೆ ಹಾಕಿತು. ನಿಮ್ಮಂಥ ಪ್ರಾಮಾಣಿಕರು ಅಲ್ಲಿರಬೇಕು ಎಂದು ಮಿರಜಕರ್ ಹೇಳಿದ್ದ.

ಆ ಮೇಜಿಗೆ ಒಂದು ಮುಂಜಾನೆ ಒಂದು ಚಿತ್ರ ಬಂತು. ಹೆಂಗಸಿನ ಪಾದ, ಬೆರಳುಗಳ ಹಿಂದೆ, ಮೇಲ್ಭಾಗದಲ್ಲಿ ಗಾಯ. ಸಕ್ಕರೆ ಕಾಯಿಲೆ ಉಂಟು. ಗಾಜಿನ ಚೂರು ಚುಚ್ಚಿ ಆದದ್ದೆಂದು ಬರೆದಿತ್ತು. ಗಾಜು ಹಾಗೆ ಕೊಯ್ಯುವುದಿಲ್ಲ. ಅಂಚುಗಳು ನೆಟ್ಟಗಿದ್ದವು, ಮೂಲೆಗಳು ಚೌಕವಾಗಿದ್ದವು. ಚೌಕಟ್ಟು ಕೂಡಿಸುವಾಗ ಕಟ್ಟಿಗೆಯಲ್ಲಿ ಉಳಿಯಿಂದ ತೋಡುವ ಗುಂಡಿಯ ಹಾಗಿತ್ತು ಅದು. ಪಕ್ಕದಲ್ಲೇ ಚರ್ಮದ ಮೇಲೆ ಎರಡು ಸಣ್ಣ ಗೀರುಗಳಿದ್ದವು. ಧೈರ್ಯ ಸಾಲದೆ ಕೈ ತಡೆದ ಗುರುತುಗಳು. ಇಂದುಮತಿ ಹೆಸರು ಓದಿದಳು. ಕಮಲವ್ವ ಮಹಾಬಳೇಶ ಬಡಿಗೇರ.

ಅವಳ ಮುಂದೆ ಒತ್ತಲು ಎರಡು ಗುಂಡಿಗಳಿದ್ದವು. ‘ಸ್ವಂತ ಮಾಡಿಕೊಂಡ ಗಾಯ’ ಎಂದು ಒತ್ತಿದರೆ ಕಮಲವ್ವನ ಮೇಲೆ ಮೋಸದ ಕೇಸು. ಗಂಡನ ಭತ್ಯೆಯೂ ನಿಲ್ಲುತ್ತದೆ, ಇಬ್ಬರ ಚಿಕಿತ್ಸೆಯೂ ನಿಲ್ಲುತ್ತದೆ. ಕಂಪನಿಯ ಕೂದಲೂ ಕೊಂಕುವುದಿಲ್ಲ. ‘ನಾಲ್ಕು’ ಎಂದು ಒತ್ತಿದರೆ, ಆ ಉಳಿಯನ್ನು ಹಿಡಿದ ಕೈಗೆ ತಾನೂ ಕೈ ಜೋಡಿಸಿದಂತೆ. ಅವಳು ಯಾವುದನ್ನೂ ಒತ್ತಲಿಲ್ಲ. ಚಿತ್ರವನ್ನು ಹಾಗೇ ಬಿಟ್ಟು, ಚಪ್ಪಲಿ ಮೆಟ್ಟಿ, ಆಟೋ ಹಿಡಿದಳು.

ಮಹಾಬಳೇಶ ಮನೆಯಲ್ಲಿರಲಿಲ್ಲ. ಕಮಲವ್ವ ಹೊರಗೆ ಬಿಸಿಲಲ್ಲಿ ಮಣೆಯ ಮೇಲೆ ಕುಳಿತು ಹುರುಳಿ ಆರಿಸುತ್ತಿದ್ದಳು. ಬಲಗಾಲು ಮುಂದಕ್ಕೆ ಚಾಚಿತ್ತು, ಅದರ ಮೇಲೆ ಕೆನೆಬಣ್ಣದ ಹೊಸ ಪಟ್ಟಿ. ಇಂದುಮತಿಯನ್ನು ಕಂಡು ಏಳಲು ಹೋದವಳು ಮುಖ ಕಿವುಚಿ ಅಲ್ಲೇ ಕುಳಿತಳು. ಯಾರು ಮಾಡಿದ್ದು ಎಂದು ಇಂದುಮತಿ ಕೇಳಿದಳು. ಕಮಲವ್ವ ಮುಚ್ಚಿಡಲಿಲ್ಲ. ಗಂಡನಿಗೆ ಮೊದಲು ಮನಸ್ಸೇ ಬರಲಿಲ್ಲ, ಎರಡು ಸಲ ಉಳಿ ಕೆಳಗಿಟ್ಟುಬಿಟ್ಟ, ತಾನೇ ಕಣ್ಣು ಮುಚ್ಚಿಕೊಂಡು ಕಾಲು ಗಟ್ಟಿಯಾಗಿ ಹಿಡಿದುಕೊಂಡೆ ಎಂದಳು. ಮೊದಲೇ ಸಕ್ಕರೆ ಇದ್ದದ್ದರಿಂದ ನೋವು ಅಷ್ಟಾಗಿ ತಿಳಿಯಲಿಲ್ಲವಂತೆ. ಅದನ್ನು ಅವಳು ಒಂದು ಅನುಕೂಲವೆಂಬಂತೆ ಹೇಳಿದಳು.

“ಇಬ್ಬರದೂ ಬಂದ್ರ ಮನಿ ನಡೀತೈತ್ರಿ, ಅಕ್ಕಾರ,” ಎಂದಳು. ಆಮೇಲೆ ತುಸು ಅಂಜಿಕೆಯಿಂದ, “ನಾಲ್ಕ ಬಂತೇನ್ರಿ?”

ಇಂದುಮತಿ ಅಂಗಳದ ಮೂಲೆಯ ಚರಂಡಿಗೆ ಹೋಗಿ ವಾಂತಿ ಮಾಡಿದಳು. ಹಿಂದಿನಿಂದ ಕಮಲವ್ವ ಕುಂಟುತ್ತ ಬಂದಳು. ಒಂದು ಕೈಯಿಂದ ಅವಳ ಬೆನ್ನು ನೀವುತ್ತ, ಇನ್ನೊಂದು ಕೈಯಲ್ಲಿದ್ದ ತಂಬಿಗೆಯಿಂದ ನೀರು ಹಾಕಿದಳು. ಮುಂಜಾನೆ ಏನು ತಿಂದಿದ್ದಿರಿ, ಬಿಸಿಲಿಗೆ ಪಿತ್ತ ಆಗಿರಬೇಕು, ಲಿಂಬೆಹಣ್ಣಿನ ಪಾನಕ ಮಾಡಿಕೊಡುತ್ತೇನೆ ಎಂದಳು. ಆ ಕೈ ಮೆತ್ತಗಿತ್ತು. ಅಕ್ಕನ ಕೈಯ ಹಾಗಿತ್ತು.

ಆಗ ಕಮಲವ್ವನ ಸೊಂಟದಲ್ಲಿದ್ದ ಫೋನು ಹೊಡೆದುಕೊಂಡಿತು. ಕಂಪನಿಯ ಆ ಹೆಣ್ಣುದನಿ. ಮೇಜಿನಲ್ಲಿ ಯಾರೂ ಒತ್ತದೆ ಬಿಟ್ಟ ಕೋಡನ್ನು ಗಣಕ ತಾನೇ ಒತ್ತಿಕೊಂಡಿತ್ತು. ನಿಮ್ಮ ಗಾಯ ನಾಲ್ಕೆಂದು ನೋಂದಣಿಯಾಗಿದೆ, ಸ್ಥಿರ ಯೋಜನೆಗೆ ನಿಮಗೆ ಸ್ವಾಗತ ಎಂದಿತು ಅದು. ಕಮಲವ್ವ ಫೋನನ್ನು ಹಣೆಗೆ ಒತ್ತಿಕೊಂಡಳು. ಅವಳ ಕಣ್ಣಲ್ಲಿ ನೀರು ಬಂತು.

ಇಂದುಮತಿ ಬಾಯಿ ಒರೆಸಿಕೊಂಡು ಅವಳ ಎದುರಿಗೆ ನೆಲದ ಮೇಲೇ ಕುಳಿತಳು. ಪಟ್ಟಿ ಕಟ್ಟಿದ ಆ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಪಾದ ಬೆಚ್ಚಗಿತ್ತು, ಗಾಯ ಇನ್ನೂ ಹೊಸದು, ತಾನಾಗಿ ಕೂಡಿಕೊಳ್ಳಲು ಹವಣಿಸುತ್ತಿದ್ದ ಗಾಯ.

“ಕಮಲವ್ವ, ಇದನ್ನ ಈಗ ತಗೀತೀನಿ. ದಿನಾ ನಾನ ಬಂದು ತೊಳದು ಕಟ್ಟತೀನಿ. ಬ್ಯಾರೆ ಕೆಲಸಾನೂ ಹುಡುಕೂಣು. ನನ್ನ ಮಾತ ಕೇಳ್ರಿ.”

ಕಮಲವ್ವ ಅವಳನ್ನು ಕರುಣೆಯಿಂದ ನೋಡಿದಳು. ಆಮೇಲೆ ಮೆಲ್ಲಗೆ ಪಾದವನ್ನು ಬಿಡಿಸಿಕೊಂಡು ಸೀರೆಯ ಒಳಗೆ ಎಳೆದುಕೊಂಡಳು.

“ಈಗ ಬ್ಯಾಡ್ರಿ ಅಕ್ಕಾರ,” ಎಂದಳು. “ದೀಪಾವಳಿ ಒಂದ ದಾಟಲಿ. ಆಮ್ಯಾಲ ಮಾಯಿಸಿಕೊಳ್ತೀನಿ.”